ಪೇಪರ್ ಓದಲಿಕ್ಕೂ ದುಡ್ಡು, ಹಾಕಲಿಕ್ಕೂ ದುಡ್ಡು: ಹಾಗಾದರೆ ಓಪನ್ ಆಕ್ಸೆಸ್ ಯಾರಿಗೆ?

ಪ್ರಶ್ನೆ ಹೀಗಿದೆ: "ನಾನು ಶಿರಸಿ ಕಡೆಯವಳು. ಎಂ.ಎಸ್ಸಿ. ಕೊನೆಯ ವರ್ಷ. ಅಡಿಕೆಯ ಎಲೆ ಚುಕ್ಕಿ ರೋಗದ ಮೇಲೆ ಪ್ರಾಜೆಕ್ಟ್. ಬೇಕಾದ ಸಂಶೋಧನಾ ಪೇಪರ್ ತೆಗೆಯಲು ಹೋದರೆ 39 ಡಾಲರ್ ಕಟ್ಟಿ ಎನ್ನುತ್ತದೆ. ಇನ್ನೊಂದು ಸಂಶೋಧನಾ ಪತ್ರಿಕೆ (ಜರ್ನಲ್) ತಾನು ಓಪನ್ ಆಕ್ಸೆಸ್ ಎನ್ನುತ್ತದೆ, ಅಲ್ಲಿ ನಮ್ಮ ಪೇಪರ್ ಹಾಕಲು 1,800 ಡಾಲರ್ ಕೇಳುತ್ತದೆ. ಹಾಗಾದರೆ ಓಪನ್ ಅನ್ನೋದು ಯಾರಿಗೆ? ನಮ್ಮಂಥವರಿಗೆ ಇದರಿಂದ ಉಪಯೋಗ ಇದೆಯಾ?"

ಇದೆ. ತುಂಬಾ ಇದೆ. ಓಪನ್ ಆಕ್ಸೆಸ್ ಅಂದರೆ ಯಾರು ಬೇಕಾದರೂ ದುಡ್ಡು ಕೊಡದೆ ಓದುವಂತೆ ಪೇಪರನ್ನು ಅಂತರ್ಜಾಲದಲ್ಲಿ ತೆರೆದಿಡುವುದು. ಆದರೆ ನಿಮಗೆ ಮೊದಲು ಕಂಡ ಎರಡೂ ಬಾಗಿಲು ದುಡ್ಡಿನವು. ಬದಿಯಲ್ಲಿ ಇನ್ನೂ ಎರಡು ಮೂರು ಬಾಗಿಲು ಇವೆ, ಅವು ತೆರೆದೇ ಇವೆ. ಅದನ್ನು ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ನಾನು ಕಾರವಾರದ ಕಡೆಯ ಒಂದು ಕಾಲೇಜಿನಲ್ಲಿ 26 ವರ್ಷದಿಂದ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ಸೇರಿದ ಹೊಸತರಲ್ಲಿ ನಮ್ಮಲ್ಲಿ ಜರ್ನಲ್‌ಗಳಿಗೆ ಅಂತಲೇ ಓರೆ ಹಲಗೆಯ ಒಂದು ಕಬ್ಬಿಣದ ರ‍್ಯಾಕ್ ಇತ್ತು. ಹಲಗೆಯ ಮೇಲೆ ಹೊಸ ಸಂಚಿಕೆ, ಹಲಗೆ ಎತ್ತಿದರೆ ಹಿಂದೆ ಹಳೆಯವು. ವಿದೇಶಿ ಜರ್ನಲ್ ನಾಲ್ಕು ಬರುತ್ತಿದ್ದವು. ದೀಪಾವಳಿ ಮುಗಿಯುವ ಹೊತ್ತಿಗೆ ಮುಂದಿನ ವರ್ಷದ ಚಂದಾ ಬಿಲ್ ಬರುವುದು. ಪ್ರತಿ ಸಲ ದರ ಏರಿರುತ್ತಿತ್ತು, ಡಾಲರ್ ಕೂಡ ಏರಿರುತ್ತಿತ್ತು. ಏರದೆ ಇದ್ದದ್ದು ಲೈಬ್ರರಿಗೆ ಸಿಗುವ ದುಡ್ಡು ಮಾತ್ರ. ನಾಲ್ಕು ಇದ್ದದ್ದು ಮೂರಾಯಿತು, ಎರಡಾಯಿತು. 2006ರಲ್ಲಿ ಕೊನೆಯದನ್ನೂ ನಿಲ್ಲಿಸಿದೆವು. ಆ ರ‍್ಯಾಕ್ ಈಗಲೂ ಇದೆ. ಮಳೆಗಾಲದಲ್ಲಿ ಹಳೆಯ ಸಂಚಿಕೆಗಳಿಗೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸುತ್ತೇನೆ. ಪ್ರತಿ ಸಾಲೂ ಒಂದು ವರ್ಷಕ್ಕೆ ಬಂದು ನಿಂತುಬಿಟ್ಟಿದೆ. ಆಮೇಲಿನ ವಿಜ್ಞಾನ ನಮ್ಮ ಕಾಲೇಜಿಗೆ ಬರಲೇ ಇಲ್ಲ ಎಂಬ ಹಾಗೆ.

ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಒಮ್ಮೆ ನೋಡಿ. ಸಂಶೋಧನೆಗೆ ದುಡ್ಡು ಕೊಡುವುದು ಹೆಚ್ಚಾಗಿ ಸರ್ಕಾರ, ಅಂದರೆ ನಾವೇ. ಪೇಪರ್ ಬರೆದವರಿಗೆ ಪತ್ರಿಕೆಯವರು ಏನೂ ಕೊಡುವುದಿಲ್ಲ. ಅದನ್ನು ಓದಿ ಸರಿ ತಪ್ಪು ಹೇಳುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕೊನೆಗೆ ಅದೇ ಪೇಪರನ್ನು, ಬರೆದವರ ವಿಶ್ವವಿದ್ಯಾಲಯದ ಲೈಬ್ರರಿಯೇ ದುಡ್ಡು ಕೊಟ್ಟು ಕೊಳ್ಳಬೇಕು. ಕೊಳ್ಳಲಾಗದ ಕಾಲೇಜಿನ ಹುಡುಗಿಗೆ 39 ಡಾಲರ್. ಇದು ಸರಿಯಲ್ಲ ಅಂತ ನನಗೆ ಮೊದಲಿನಿಂದಲೂ ಅನಿಸಿದೆ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. ಅಲ್ಲಿಂದಲೇ ಓಪನ್ ಆಕ್ಸೆಸ್ ಶುರುವಾದದ್ದು.

1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮಾಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಪೇಪರ್‌ಗಳನ್ನು ಎಲ್ಲರೂ ಓದುವಂತೆ ಒಂದು ಕಂಪ್ಯೂಟರ್‌ನಲ್ಲಿ ಇಡಲು ಶುರು ಮಾಡಿದರು. ಅದೇ ಈಗಿನ ಆರ್ಕೈವ್. 2001ರ ಡಿಸೆಂಬರ್‌ನಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಒಂದಿಷ್ಟು ಜನ ಸೇರಿದರು, 2002ರ ಫೆಬ್ರವರಿಯಲ್ಲಿ ಓಪನ್ ಆಕ್ಸೆಸ್ ಘೋಷಣೆ ಹೊರಬಂತು. ಅದರಲ್ಲಿ ಎರಡು ದಾರಿ ಹೇಳಿದ್ದರು. ಒಂದು, ಎಲ್ಲಿ ಛಾಪಿಸಿದರೂ ಒಂದು ಪ್ರತಿಯನ್ನು ಅಂತರ್ಜಾಲದ ತೆರೆದ ಭಂಡಾರದಲ್ಲಿ ಇಡುವುದು. ಇನ್ನೊಂದು, ಪತ್ರಿಕೆಯನ್ನೇ ಓದುಗರಿಗೆ ಉಚಿತ ಮಾಡುವುದು. ಮುಂದಿನ ವರ್ಷ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಇಂಥ ಪತ್ರಿಕೆಗಳ ಪಟ್ಟಿ ಮಾಡಿತು. ಡಿಒಎಜೆ ಅಂತ ಅದರ ಹೆಸರು. 2003ರಲ್ಲಿ 300 ಪತ್ರಿಕೆಗಳಿದ್ದವು. ಈಗ 20,000 ದಾಟಿವೆ. 2015ರಲ್ಲಿ ಬಂದ ಪೇಪರ್‌ಗಳಲ್ಲಿ ಶೇಕಡಾ 45ರಷ್ಟು ಉಚಿತವಾಗಿ ಓದಲು ಸಿಗುತ್ತವೆ ಎಂದು 2018ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಇಷ್ಟು ಬೆಳೆದಾಗ ದೊಡ್ಡ ಪ್ರಕಾಶಕರು ಸುಮ್ನೆ ಕೂರಲಿಲ್ಲ. ಓದುವವರ ಮುಂದಿದ್ದ ಗೇಟು ಕಿತ್ತರು, ಅದನ್ನೇ ತಂದು ಬರೆಯುವವರ ಮುಂದೆ ಹಾಕಿದರು. ನೀವು ಕಂಡ 1,800 ಡಾಲರ್ ಅದೇ. ಎಪಿಸಿ ಎನ್ನುತ್ತಾರೆ, ಲೇಖನ ಪ್ರಕಟಣೆಯ ಶುಲ್ಕ. ಪ್ಲಾಸ್ ಒನ್ ಎಂಬ ಓಪನ್ ಆಕ್ಸೆಸ್ ಪತ್ರಿಕೆ 2006ರಲ್ಲಿ ಶುರುವಾದಾಗ ಅದರ ಶುಲ್ಕ 1,250 ಡಾಲರ್ ಇತ್ತು. 2020ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆ ತನ್ನ ಶುಲ್ಕ 9,500 ಯೂರೋ ಎಂದು ಹೇಳಿತು. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಯುರೋಪಿನಲ್ಲಿ ಈ ದುಡ್ಡನ್ನು ಸಂಶೋಧನಾ ನಿಧಿಯೋ ವಿಶ್ವವಿದ್ಯಾಲಯವೋ ಕಟ್ಟುತ್ತದೆ. ಶಿರಸಿಯ ಎಂ.ಎಸ್ಸಿ. ವಿದ್ಯಾರ್ಥಿನಿಗೆ ಯಾರು ಕಟ್ಟುತ್ತಾರೆ? ಓದಲಾಗದೆ ಇದ್ದದ್ದು ಒಂದು ಅನ್ಯಾಯ. ಓದಬಹುದು ಆದರೆ ಹೇಳಲಾಗದು ಅನ್ನೋದು ಅದಕ್ಕಿಂತ ದೊಡ್ಡದು. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆದರೆ ಓಪನ್ ಆಕ್ಸೆಸ್ ಅಂದರೆ ಶುಲ್ಕ ಅಂತ ಮಾತ್ರ ತಿಳಿಯಬೇಡಿ. ಡಿಒಎಜೆ ಪಟ್ಟಿಯಲ್ಲಿರುವ ಮೂರರಲ್ಲಿ ಎರಡು ಪಾಲು ಪತ್ರಿಕೆಗಳು ಬರೆಯುವವರಿಂದ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಸಂಘ, ಅಕಾಡೆಮಿ, ಸರ್ಕಾರಿ ಸಂಸ್ಥೆ ಖರ್ಚು ಹೊರುತ್ತದೆ. ಇದನ್ನು ಈಗ ಡೈಮಂಡ್ ಓಪನ್ ಆಕ್ಸೆಸ್ ಎನ್ನುತ್ತಾರೆ. ಹೆಸರು ಹೊಸದು, ನಮ್ಮಲ್ಲಿ ಕೆಲಸ ಹಳೆಯದು. ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ 1932ರ ಪತ್ರಿಕೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ವರ್ಷಗಳಿಂದ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್, 2013ರಲ್ಲೇ ಓಪನ್ ಆಕ್ಸೆಸ್ ನೀತಿ ತಂದಿತು.

ತೆರೆದಿಟ್ಟರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದು ಒಂದಿದೆ. ಸಮುದ್ರ ಮೀನುಗಾರಿಕೆ ಸಂಶೋಧನೆಗೆ ಸಿಎಂಎಫ್ಆರ್‌ಐ ಎಂಬ ಸಂಸ್ಥೆ ಇದೆ, 1947ರದ್ದು. ಅದರ ಒಂದು ಕೇಂದ್ರ ನಮ್ಮ ಕಾರವಾರದಲ್ಲಿದೆ. ತನ್ನ ವಿಜ್ಞಾನಿಗಳು ಬರೆದದ್ದನ್ನು, ಹಳೆಯ ಕಾಲದ್ದನ್ನೂ ಸ್ಕ್ಯಾನ್ ಮಾಡಿ, ಆ ಸಂಸ್ಥೆ ತನ್ನ ಭಂಡಾರದಲ್ಲಿ ಎಲ್ಲರಿಗೂ ಇಟ್ಟಿದೆ. ಅದರಲ್ಲಿ ಹುಡುಕುತ್ತಾ ಹೋದಾಗ ನನಗೆ 1956ರ ಒಂದು ಪೇಪರ್ ಸಿಕ್ಕಿತು. ಇಂಡಿಯನ್ ಜರ್ನಲ್ ಆಫ್ ಫಿಶರೀಸ್‌ನಲ್ಲಿ ಬಂದದ್ದು. ಕಾರವಾರದ ಬಂಗಡೆ ಮೀನುಗಾರಿಕೆಯ ಮೇಲೆ, ನಲವತ್ತಕ್ಕೂ ಜಾಸ್ತಿ ಪುಟ.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಎಂಬತ್ತರ ಮೇಲಾಯಿತು. ಹುಡುಗನಾಗಿದ್ದಾಗ ಅಪ್ಪನ ಜೊತೆ ರಂಪಣಿ ಎಳೆದವರು. ಎಪ್ಪತ್ತು ಎಂಬತ್ತು ಜನ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ದೊಡ್ಡ ಬಲೆ ಅದು. ಪರ್ಸೀನ್ ಬೋಟುಗಳು ಬಂದ ಮೇಲೆ ಅದರ ಕಾಲ ಮುಗಿಯಿತು. ಒಂದು ಸಂಜೆ ಅಜ್ಜನ ಜಗಲಿಯಲ್ಲಿ ಕೂತು ಮೊಬೈಲ್‌ನಲ್ಲಿ ಆ ಪಿಡಿಎಫ್ ತೆಗೆದೆ. ಹಳೆಯ ಅಚ್ಚು, ಪುಟ ಸ್ವಲ್ಪ ವಾರೆ, ಬೆರಳಿನಿಂದ ಎಳೆದು ದೊಡ್ಡದು ಮಾಡಿ ಓದಬೇಕು. ಓದಿ ಓದಿ ಕೊಂಕಣಿಯಲ್ಲಿ ಹೇಳುತ್ತಾ ಹೋದೆ. ಮೀನಿನ ಉದ್ದದ ಲೆಕ್ಕ ಬಂದಾಗ ಅಜ್ಜ ಕೈ ಎತ್ತಿ ನಿಲ್ಲಿಸಿದರು. "ಹೌದು, ಒಬ್ಬರು ಪುಸ್ತಕ ಹಿಡಿದು ದಂಡೆಗೆ ಬರುತ್ತಿದ್ದರು. ಮೀನನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಿದ್ದರು. ಅಳೆದು ಬರೆದುಕೊಂಡು ಮೀನು ವಾಪಸ್ ಕೊಡುತ್ತಿದ್ದರು. ಯಾಕೆ ಅಂತ ನಮಗೆ ಗೊತ್ತೇ ಇರಲಿಲ್ಲ" ಎಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಎದ್ದು ಹೊರಟಾಗ, ಬೋಟಿಗೆ ಹೋಗುವ ಮೊಮ್ಮಗನಿಗೂ ಅದನ್ನು ಕಳಿಸು ಎಂದರು. ಅಲ್ಲೇ ವಾಟ್ಸಾಪ್ ಮಾಡಿದೆ.

ಇದೇ ದಂಡೆಯಲ್ಲಿ, ಇವರ ಕೈಯಿಂದ ಮೀನು ತೆಗೆದುಕೊಂಡು ಮಾಡಿದ ಅಳತೆ. ಅದು ತಿರುಗಿ ಆ ಜಗಲಿಗೆ ಬರಲು ಸುಮಾರು ಏಳು ದಶಕ ಬೇಕಾಯಿತು. ಅದೂ ಭಂಡಾರ ತೆರೆದಿದ್ದರಿಂದ. 39 ಡಾಲರ್ ಕೇಳಿದ್ದರೆ ಬರುತ್ತಲೇ ಇರಲಿಲ್ಲ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಸಿದ್ದಾಪುರದ ಕಡೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ ಅದು. ಯಾವ ಜಾಗದಲ್ಲಿ ಅಪಾಯ ಜಾಸ್ತಿ ಎಂದು ಅಂದಾಜು ಮಾಡಿದ ಪೇಪರ್ 2020ರಲ್ಲಿ ಪ್ಲಾಸ್‌ನ ಒಂದು ಓಪನ್ ಆಕ್ಸೆಸ್ ಪತ್ರಿಕೆಯಲ್ಲಿ ಬಂತು, ಆದ್ದರಿಂದ ಹಳ್ಳಿಯ ಆಸ್ಪತ್ರೆಯ ಡಾಕ್ಟರೂ ಕೂತಲ್ಲೇ ಓದಬಹುದು. ಅಘನಾಶಿನಿ ಅಳಿವೆಯ ಬಳಚಿನ (ಚಿಪ್ಪಿನ ಜೀವಿ) ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ವರದಿಗಳೂ ಹೀಗೆಯೇ ಸಿಗುತ್ತವೆ. 2024ರಲ್ಲಿ ಆ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದಾಗ ನಮ್ಮ ವಿದ್ಯಾರ್ಥಿಗಳು ಹುಡುಕಿ ಓದಿದ್ದು ಅವನ್ನೇ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಕೃಷಿಕೋಶ ನೋಡಿ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳ ಭಂಡಾರ ಅದು. ನಿಮ್ಮ ಶಿರಸಿಯ ಅರಣ್ಯ ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಅಲ್ವಾ, ಆ ವಿಶ್ವವಿದ್ಯಾಲಯದ ಪ್ರಬಂಧಗಳನ್ನು ಅಲ್ಲಿ ಹುಡುಕಿ. ಉಳಿದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಕ್ಕೆ ಶೋಧಗಂಗಾ ಎಂಬ ಭಂಡಾರ. ಒಳ್ಳೆಯ ಪ್ರಬಂಧ ಒಂದು ಸಿಕ್ಕರೆ ಅದರ ಎರಡನೆಯ ಅಧ್ಯಾಯ ಓದಿ, ಹಿಂದಿನ ಕೆಲಸವೆಲ್ಲ ಅಲ್ಲಿ ಒಟ್ಟಿಗೆ ಇರುತ್ತದೆ. ಐಸಿಎಆರ್ ಪತ್ರಿಕೆಗಳು ಅದರ ವೆಬ್‌ಸೈಟಿನಲ್ಲಿ ಉಚಿತ. ಅಡಿಕೆಯ ಕೆಲಸ ಮಾಡುವ ಕಾಸರಗೋಡಿನ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರ ಐಸಿಎಆರ್‌ನವೇ. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ದುಡ್ಡು ಕೇಳುವ ಪುಟದ ಬದಿಯಲ್ಲಿ ಹಸಿರು ಬೀಗ ತೆರೆದು ಕಂಡರೆ, ಅದೇ ಪೇಪರಿನ ಉಚಿತ ಪ್ರತಿ ಬೇರೆ ಎಲ್ಲೋ ಇದೆ ಅಂತ. ಕ್ಲಿಕ್ ಮಾಡಿದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಅದೂ ಇಲ್ಲದಿದ್ದರೆ ಬರೆದವರಿಗೇ ಮೇಲ್ ಮಾಡಿ. ಮೂರು ಸಾಲು ಸಾಕು. ಸಂಕೋಚ ಬೇಡ. ನಮ್ಮ ವಿದ್ಯಾರ್ಥಿಗಳು ಕೇಳಿದಾಗ ಎಷ್ಟೋ ಸಲ ಒಂದೇ ದಿನದಲ್ಲಿ ಪಿಡಿಎಫ್ ಬಂದಿದೆ, ಜೊತೆಗೆ ಪ್ರೀತಿಯ ಎರಡು ಮಾತು ಕೂಡ.

ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಗ್ಗೆಯೂ ಕಾಲೇಜಿನಲ್ಲಿ ಕೇಳಿ. ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಒಟ್ಟಿಗೆ ಕಟ್ಟುವ ಯೋಜನೆ ಇದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ ಆ 39 ಡಾಲರ್ ಪೇಪರ್ ಇದರಲ್ಲೇ ಸಿಗಬಹುದು. ಆದರೆ ಯೋಜನೆ ಶುರುವಾದದ್ದು ಕೇಂದ್ರ, ರಾಜ್ಯ ಸರ್ಕಾರಗಳ ಆಡಳಿತದ ಸಂಸ್ಥೆಗಳಿಗೆ. ನಮ್ಮ ಜಿಲ್ಲೆಯಲ್ಲಿ ಶಿಕ್ಷಣ ಸಂಸ್ಥೆಗಳು ನಡೆಸುವ ಕಾಲೇಜು ಎಷ್ಟಿವೆ ಅಂತ ನಿಮಗೇ ಗೊತ್ತು. ಆ ಮಕ್ಕಳು ಯಾಕೆ ಹೊರಗೆ? ಅಲ್ಲದೆ ಇದು ಚಂದಾ. ಕಟ್ಟುವುದು ನಿಲ್ಲಿಸಿದ ದಿನ ಏನಾಗುತ್ತದೆ ಅಂತ ನಮ್ಮ ಕಬ್ಬಿಣದ ರ‍್ಯಾಕ್ ನೋಡಿದವರಿಗೆ ಹೇಳಬೇಕಿಲ್ಲ.

ನಿಮ್ಮ ಪೇಪರ್ ಎಲ್ಲಿ ಹಾಕಬೇಕು ಅನ್ನೋದಕ್ಕೆ ಮೊದಲು ಒಂದು ಎಚ್ಚರಿಕೆ. ನಮ್ಮಲ್ಲಿ ಓದಿದ ಒಬ್ಬ ಹುಡುಗನಿಗೆ ಒಂದು ಮೇಲ್ ಬಂತು. 48 ಗಂಟೆಯಲ್ಲಿ ಒಪ್ಪಿಗೆ, ಅಂತರರಾಷ್ಟ್ರೀಯ ಓಪನ್ ಆಕ್ಸೆಸ್ ಪತ್ರಿಕೆ, 3,500 ರೂಪಾಯಿ. ಅಪ್ಪ ಅಡಿಕೆ ಕೊನೆಕೊಯ್ಲಿನ ದುಡ್ಡಿನಲ್ಲಿ ಕೊಟ್ಟರು. ಪೇಪರ್ ಎರಡೇ ದಿನಕ್ಕೆ ಒಪ್ಪಿಗೆ ಆಯಿತು, ಒಂದು ಅಕ್ಷರ ತಿದ್ದಲಿಲ್ಲ. ವರ್ಷ ಕಳೆಯುವುದರೊಳಗೆ ಆ ವೆಬ್‌ಸೈಟೇ ಇರಲಿಲ್ಲ. ಎರಡು ವರ್ಷದ ಅವನ ಕೆಲಸ ಎಲ್ಲೂ ಇಲ್ಲದಂತಾಯಿತು. ಅವನು ಲೈಬ್ರರಿಗೆ ಬಂದು ನನ್ನ ಎದುರು ಕೂತ ದಿನ ನನಗೆ ಮರೆತಿಲ್ಲ. ಮೊದಲೇ ಕೇಳಿದ್ದರೆ ಒಂದು ಮಾತು ಹೇಳುತ್ತಿದ್ದೆ. ಈಗ ನಿಮಗೆ ಹೇಳುತ್ತೇನೆ: ಡಿಒಎಜೆಯಲ್ಲಿ ಆ ಪತ್ರಿಕೆಯ ಹೆಸರು ಹುಡುಕಿ. ಶುಲ್ಕ ಇದೆಯೋ ಇಲ್ಲವೋ ಅಂತಲೂ ಅಲ್ಲೇ ಬರೆದಿರುತ್ತದೆ. ಆಮೇಲೆ ಹಳೆಯ ಸಂಚಿಕೆಯ ಎರಡು ಪೇಪರ್ ತೆಗೆದು ಓದಿ. ಓದಿದರೆ ಗೊತ್ತಾಗುತ್ತದೆ.

ಶುಲ್ಕ ಇಲ್ಲದ ಒಳ್ಳೆಯ ಪತ್ರಿಕೆ ಸಿಕ್ಕರೆ ಅದೇ ಸರಿ. ನಿಮ್ಮ ಗೈಡ್ ಚಂದಾ ಪತ್ರಿಕೆಯೇ ಬೇಕು ಎಂದರೂ ದಾರಿ ಇದೆ. ಅಂಥ ಎಷ್ಟೋ ಪತ್ರಿಕೆಗಳಲ್ಲಿ ಓಪನ್ ಆಕ್ಸೆಸ್ ಆಯ್ಕೆ ಮಾಡಿಕೊಂಡವರಿಗೆ ಮಾತ್ರ ದೊಡ್ಡ ಶುಲ್ಕ. ಬೇಡ ಎಂದರೆ ಏನೂ ಕೊಡಬೇಕಿಲ್ಲ. ಆಮೇಲೆ, ತಿದ್ದಿ ಒಪ್ಪಿಗೆಯಾದ ನಿಮ್ಮದೇ ವರ್ಡ್ ಪ್ರತಿಯನ್ನು, ಪತ್ರಿಕೆಯವರು ಪುಟ ಕಟ್ಟುವ ಮೊದಲಿನದು, ತೆರೆದ ಭಂಡಾರದಲ್ಲಿ ಇಡಲು ಹೆಚ್ಚಿನ ಪ್ರಕಾಶಕರು ಬಿಡುತ್ತಾರೆ. ಕೆಲವರು ಒಂದು ವರ್ಷ ಕಾಯಿರಿ ಎನ್ನುತ್ತಾರೆ, ಅಷ್ಟೇ. ಬುಡಾಪೆಸ್ಟ್‌ನವರು ಹೇಳಿದ ಮೊದಲ ದಾರಿ ಇದೇ. ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು (ಡಿಎಸ್‌ಟಿ) 2014ರ ಡಿಸೆಂಬರ್‌ನಲ್ಲಿ ತಂದ ನೀತಿಯೂ ಇದನ್ನೇ ಕೇಳುತ್ತದೆ. ಆ ಪ್ರತಿಯನ್ನು ದಯವಿಟ್ಟು ಕಳೆಯಬೇಡಿ. ಬಹಳ ಜನ ಅಂತಿಮ ಪಿಡಿಎಫ್ ಇಟ್ಟುಕೊಂಡು ಇದನ್ನು ಅಳಿಸಿಬಿಡುತ್ತಾರೆ, ಮೂರು ವರ್ಷದ ಮೇಲೆ ಬಂದು ಏನು ಮಾಡಲಿ ಎನ್ನುತ್ತಾರೆ.

ಮತ್ತೊಂದು ಕೆಲಸ. ಪ್ರಾಜೆಕ್ಟ್‌ಗಾಗಿ ಯಾರ ತೋಟದಿಂದ ಎಲೆ ಕಿತ್ತು ತಂದಿರೋ ಅವರಿಗೆ, ಮುಗಿದ ಮೇಲೆ ಒಂದು ಪುಟ ಕನ್ನಡದಲ್ಲಿ ಬರೆದು ಕೊಡಿ. ಏನು ಕಂಡಿತು, ಯಾವ ತಿಂಗಳಲ್ಲಿ ಕಂಡಿತು, ಇಷ್ಟೇ. ನಮ್ಮ ಅಜ್ಜನ ಹಾಗೆ ಅವರೂ ಎಂಬತ್ತು ವರ್ಷದವರೆಗೆ ಕಾಯಬೇಕಾಗಿ ಬರಬಾರದು.

ಆ 39 ಡಾಲರ್ ಪೇಪರಿನ ಪೂರ್ತಿ ಹೆಸರನ್ನು ಇಲ್ಲೇ ಕೆಳಗೆ ಬರೆಯಿರಿ. ನಾಳೆ ಬೆಳಿಗ್ಗೆ ಲೈಬ್ರರಿ ತೆರೆದ ಕೂಡಲೇ ಅದರ ತೆರೆದ ಪ್ರತಿ ಎಲ್ಲಾದರೂ ಇದೆಯಾ ಅಂತ ಹುಡುಕಿ ಹೇಳುತ್ತೇನೆ.