ಓದುಗರ ಪ್ರಶ್ನೆ: ಗಣಿ ಸ್ಟ್ರೈಕು, ಬಿಸಿನೀರು, ಎರಡು ರೂಪಾಯಿ

ಹೋದ ಸಂಚಿಕೇಲಿ ಸಿನಿಮಾ ಬಗ್ಗೆ ಎರಡು ಸಾಲು ಬರೆದಿದ್ದೇ ತಪ್ಪಾಯ್ತು ನೋಡಿ, ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಅದೇ. ಹುಣಸೆಹಣ್ಣಿನ ರೇಟು ಕೇಳಿದವರು ದಯವಿಟ್ಟು ಮುಂದಿನ ಸಲ ತನಕ ಕಾಯಿರಿ.

ಪ್ರಶ್ನೆ: ಸಾರ್, ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣೀಲಿ ಕೆಲಸ ಮಾಡಿದವ್ರು. ಈಗ ಎಲ್ಲಿಗೆ ಹೋದ್ರೂ ನಮ್ಮೂರ ಹೆಸರು ಹೇಳಿದ ತಕ್ಷಣ ಸಿನಿಮಾ ಡೈಲಾಗ್ ಹೊಡೀತಾರೆ. ಗಣಿ ಕೆಲಸದವರು ನಿಜವಾಗ್ಲೂ ಮಾಡಿದ ಹೋರಾಟಾನ ಇದ್ದದ್ದು ಇದ್ದಂಗೆ ತೋರಿಸಿರೋ ಸಿನಿಮಾ ಪ್ರಪಂಚದಲ್ಲಿ ಎಲ್ಲಾದ್ರೂ ಇದ್ಯಾ? (ರಾಬರ್ಟ್‌ಸನ್‌ಪೇಟೆಯಿಂದ)

ಉತ್ತರ: ಇದೆ ಸಾರ್, ನಿಮಗಂತೂ ಅದು ನಿಮ್ಮ ಲೈನ್ ಮನೆಗಳ ಕಥೆನೇ ಅನ್ಸುತ್ತೆ. 'ಸಾಲ್ಟ್ ಆಫ್ ದಿ ಅರ್ತ್' ಅಂತ, 1954ರದ್ದು, ಅಮೆರಿಕದ್ದೇ ಆದ್ರೂ ಹಾಲಿವುಡ್‌ನೋರು ಮುಟ್ಟಿಸ್ಕೊಳ್ಳದೇ ಇದ್ದ ಸಿನಿಮಾ. ನ್ಯೂ ಮೆಕ್ಸಿಕೋದಲ್ಲಿ ಎಂಪೈರ್ ಜಿಂಕ್ ಅನ್ನೋ ಕಂಪನಿಯ ಸತುವಿನ ಗಣಿ, ಕೆಲಸದವರೆಲ್ಲ ಹೆಚ್ಚುಕಮ್ಮಿ ಮೆಕ್ಸಿಕನ್ ಮೂಲದವರು, ಬಿಳಿಯರಿಗಿಂತ ಕಮ್ಮಿ ಕೂಲಿ, ಬಿಳಿಯರ ಮನೆಗೆ ನಲ್ಲಿ ಇವರ ಮನೆಗೆ ಇಲ್ಲ. ಒಂದು ಕಡೆ ದೊರೆಗಳ ಬಂಗಲೆ ಕ್ಲಬ್ಬು, ಇನ್ನೊಂದು ಕಡೆ ತಟ್ಟಿ ಮನೆ ಸಾಲು ಕಂಡಿರೋ ನಿಮಗೆ ಇದನ್ನ ಬಿಡಿಸಿ ಹೇಳ್ಬೇಕಾ.

1950ರ ಅಕ್ಟೋಬರ್‌ನಲ್ಲಿ ಶುರುವಾದ ಸ್ಟ್ರೈಕು 15 ತಿಂಗಳು ನಡೀತು. ಮಧ್ಯದಲ್ಲಿ ಕೋರ್ಟು, ಗಣಿ ಕೆಲಸದವರು ಯಾರೂ ಗೇಟ್ ಹತ್ರ ನಿಲ್ಲಬಾರದು ಅಂತ ಆರ್ಡರ್ ಮಾಡ್ತು. ಸರಿ, ಆರ್ಡರ್‌ನಲ್ಲಿ ಇರೋದು ಕೆಲಸದವರು ಅಂತ ತಾನೇ, ಅವರ ಹೆಂಡ್ತೀರು ಅಂತ ಬರೆದಿಲ್ವಲ್ಲ! ಹೆಂಗಸರೇ ಹೋಗಿ ನಿಂತ್ಕೊಂಡ್ರು, ಪೊಲೀಸ್‌ನೋರು ಮಕ್ಕಳು ಮರಿ ಸಮೇತ ಜೈಲಿಗೆ ಹಾಕಿದ್ರೂ ಬಿಡಲಿಲ್ಲ. ಇತ್ತ ಮನೇಲಿ ಗಂಡಸರು ಸೌದೆ ಒಡೆದು, ಬಟ್ಟೆ ಒಗೆದು ಹರವೋ ಹಂಗಾಯ್ತು. ಸಿನಿಮಾದಲ್ಲಿ ನಂಗೆ ತುಂಬಾ ಇಷ್ಟವಾದ ಜಾಗ ಅದೇ, ಬೇಡಿಕೆ ಪಟ್ಟೀಲಿ ಮನೆಗೆ ನೀರು ಸೇರಿಸಿ ಅಂತ ಹೆಂಗಸರು ಅಂದಾಗ 'ಅದೆಲ್ಲ ಆಮೇಲೆ' ಅಂತಿದ್ದ ಗಂಡಸರಿಗೆ, ತಂತಿ ಮೇಲೆ ಒದ್ದೆ ಬಟ್ಟೆ ಹಾಕ್ತಾ ಹಾಕ್ತಾ ಬಿಸಿನೀರು ಯಾಕೆ ಬೇಕು ಅಂತ ಗೊತ್ತಾಗುತ್ತೆ. ಟ್ಯಾಂಕರ್ ಬಂತು ಅಂದ್ರೆ ಕೊಡ ಹಿಡ್ಕೊಂಡು ಓಡೋದು ನಮ್ಮ ಕೋಲಾರದಲ್ಲೂ ಯಾರು ಅಂತ ನಿಮಗೂ ಗೊತ್ತು.

ಇನ್ನು ನೀವು ಕೇಳಿದ 'ಇದ್ದದ್ದು ಇದ್ದಂಗೆ' ಅನ್ನೋದು. ಕಥೆ ಕಟ್ಟಿದ್ದೇ, ಗಂಡ ಹೆಂಡ್ತಿ ಪಾತ್ರ ಎಲ್ಲ ಕಲ್ಪನೆನೇ. ಆದ್ರೆ ಬರೆದ ಮೈಕಲ್ ವಿಲ್ಸನ್ ಸ್ಕ್ರಿಪ್ಟ್ ತಗೊಂಡ್ಹೋಗಿ ಗಣಿ ಜನರ ಮುಂದೆನೇ ಇಟ್ಟರು, ಅವರು ಕೂತು ಕೇಳಿ, ನಮ್ಮ ನಾಯಕ ಕುಡಿಯೋದು, ಇನ್ನೊಬ್ಬಳ ಹಿಂದೆ ಹೋಗೋದು ಇದೆಲ್ಲ ಬೇಡ ಕಿತ್ತಾಕಿ ಅಂದ್ರು, ಕಿತ್ತಾಕಿದ್ರು. ನಾಯಕನ ಪಾರ್ಟ್ ಮಾಡಿದ ಹ್ವಾನ್ ಚಾಕೋನ್ ಅಲ್ಲಿನ ಯೂನಿಯನ್‌ಗೆ ನಿಜವಾದ ಪ್ರೆಸಿಡೆಂಟು, ವೃತ್ತಿ ನಟರು ಬೆರಳೆಣಿಕೆ ಅಷ್ಟೆ. ಹೋರಾಟದ ಸಿನಿಮಾ ಅಂದ ತಕ್ಷಣ ನಾನು ಮೊದಲು ಹುಡುಕೋದು ಇದನ್ನೇ, ಹೋರಾಡಿದವರ ಕೈ ಅದರಲ್ಲಿ ಎಷ್ಟಿದೆ ಅಂತ.

ಸಿನಿಮಾ ಮಾಡಿದವರು ಕಷ್ಟ ಅನುಭವಿಸಿದ್ದೂ ಉಂಟು. ಡೈರೆಕ್ಟರ್ ಹರ್ಬರ್ಟ್ ಬೈಬರ್ಮನ್, ಸಿನಿಮಾದವರಲ್ಲಿ ಕಮ್ಯುನಿಸ್ಟರು ಯಾರು ಅಂತ ಅಮೆರಿಕದ ಸಂಸತ್ತಿನೋರು ನಡೆಸಿದ ವಿಚಾರಣೇಲಿ ಉತ್ತರ ಕೊಡಲ್ಲ ಅಂದಿದ್ದಕ್ಕೆ ಮೊದಲೇ ಜೈಲು ನೋಡಿ ಬಂದವರು. ನಾಯಕಿ ರೊಸೌರಾ ರೆವುಯೆಲ್ಟಾಸ್ ಮೆಕ್ಸಿಕೋದವರು, ಶೂಟಿಂಗ್ ಮುಗಿಯೋಕೆ ಮುಂಚೆನೇ ಅವರನ್ನ ಅರೆಸ್ಟ್ ಮಾಡಿ ವಾಪಸ್ ದೇಶಕ್ಕೆ ಕಳಿಸೋ ಹಂಗೆ ಮಾಡಿದ್ರು. ಸಿನಿಮಾ ರೆಡಿಯಾದ್ಮೇಲೆ ಪ್ರೊಜೆಕ್ಟರ್ ಓಡಿಸೋರ ಯೂನಿಯನ್ನೇ ಓಡಿಸಲ್ಲ ಅಂತು. ಕಾರ್ಮಿಕರ ಸಿನಿಮಾಗೆ ಕಾರ್ಮಿಕರ ಸಂಘನೇ ಅಡ್ಡ, ಏನ್ ಹೇಳೋಣ. ಅದೇ ದೇಶ 1992ರಲ್ಲಿ ಕಾಪಾಡಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟೀಲಿ ಅದನ್ನ ಸೇರಿಸ್ತು.

ನಿಮ್ಮೂರಲ್ಲೂ 1930ರಲ್ಲಿ, ಬೆರಳಚ್ಚು ಕೊಡಲ್ಲ ಅಂತ ದೊಡ್ಡ ಸ್ಟ್ರೈಕು ಆಗಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಇದ್ದಾರೆ ಅಂದ್ರೆ ಫೋನ್‌ನಲ್ಲೇ ಆಗ್ಲಿ, ಅವರು ಕೆಳಗಿಳಿದ ಕಥೆ ರೆಕಾರ್ಡ್ ಮಾಡಿಟ್ಕೊಳ್ಳಿ, ಯಾವ ಡೈರೆಕ್ಟರ್ ಬರಲಿ ಅಂತ ಕಾಯ್ತೀರ.

ಪ್ರಶ್ನೆ: 'ಬ್ಯಾಟಲ್ ಆಫ್ ಅಲ್ಜಿಯರ್ಸ್' ನೋಡಿದೆ ಸಾರ್, ಅದರಲ್ಲಿರೋ ಗಲಾಟೆ ಎಲ್ಲ ಒರಿಜಿನಲ್ ನ್ಯೂಸ್ ರೀಲಾ? ಫ್ರೆಂಡ್ಸ್ ಹೌದು ಅಂತಾರೆ. (ಡಿಗ್ರಿ ಸ್ಟೂಡೆಂಟ್, ಗೌರಿಬಿದನೂರು)

ಉತ್ತರ: ಬೆಟ್ ಕಟ್ಟಿದ್ರೆ ನೀವೇ ಗೆದ್ರಿ. ಒಂದಡಿ ನ್ಯೂಸ್ ರೀಲ್ ಕೂಡ ಇಲ್ಲ, ಡೈರೆಕ್ಟರ್ ಪೊಂಟೆಕೊರ್ವೋ ಬೇಕು ಅಂತಲೇ ಹಂಗೆ ಕಾಣೋ ಹಾಗೆ ತೆಗೆದಿದ್ದು. 1962ಕ್ಕೆ ಅಲ್ಜೀರಿಯಾಗೆ ಫ್ರಾನ್ಸ್‌ನಿಂದ ಸ್ವಾತಂತ್ರ್ಯ ಬಂತು, 1966ಕ್ಕೆ ಸಿನಿಮಾ, ಜನರ ಗಾಯ ಇನ್ನೂ ಹಸಿ ಇತ್ತು. ಗುಪ್ತ ಹೋರಾಟದ ಲೀಡರ್ ಆಗಿದ್ದ ಸಾದಿ ಯಾಸೆಫ್ ಅವರೇ ನಿರ್ಮಾಣದಲ್ಲಿದ್ದು, ತಮ್ಮಂಥದ್ದೇ ಪಾತ್ರಾನೂ ಮಾಡಿದ್ರು. ಅದು ಗೊತ್ತಾದಾಗ ನಂಗೆ ಅನುಮಾನ ಬಂದಿತ್ತು, ತಮ್ಮ ಕಥೆ ತಾವೇ ಹೇಳ್ಕೊಂಡ್ರೆ ಬೆಣ್ಣೆ ಹಚ್ಚದೇ ಇರ್ತಾರಾ ಅಂತ. ಆದ್ರೆ ತಮ್ಮವರು ಬಾಂಬ್ ಇಡೋಕೆ ಮುಂಚೆ ಆ ಅಂಗಡೀಲಿ ಐಸ್‌ಕ್ರೀಮ್ ತಿಂತಿರೋ ಮಗುವಿನ ಮುಖಾನ ಕ್ಯಾಮೆರಾ ತೋರಿಸುತ್ತಲ್ಲ, ಅಲ್ಲಿಗೆ ಅನುಮಾನ ಅರ್ಧ ಹೋಯ್ತು. ಫ್ರೆಂಚ್ ಕರ್ನಲ್ ಆಗಿ ನಟಿಸಿದ ಜಾನ್ ಮಾರ್ತಾನ್ ನಿಜ ಜೀವನದಲ್ಲಿ ಆ ಯುದ್ಧ ವಿರೋಧಿಸಿ ಸಹಿ ಹಾಕಿ ಕೆಲಸ ಕಳ್ಕೊಂಡವರು. ಫ್ರಾನ್ಸ್‌ನಲ್ಲಿ ಈ ಸಿನಿಮಾ ವರ್ಷಗಟ್ಲೆ ಥಿಯೇಟರ್‌ಗೆ ಬರಲಿಲ್ಲ. 2003ರಲ್ಲಿ ಇರಾಕ್ ಯುದ್ಧದ ಟೈಮ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್‌ನೋರು ತಮ್ಮ ಆಫೀಸರ್‌ಗಳಿಗೆ ತೋರಿಸಿದ್ರು, ಅವರಿಗೆ ಅದು ಪಾಠದ ಪುಸ್ತಕ!

ಆದ್ರೆ ಹುಷಾರು. ರಷ್ಯಾದ ಡೈರೆಕ್ಟರ್ ಐಸೆನ್‌ಸ್ಟೈನ್ 1925ರಲ್ಲಿ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಮಾಡಿದ್ರು, ಅದರಲ್ಲಿ ಒಡೆಸ್ಸಾ ಮೆಟ್ಟಿಲ ಮೇಲೆ ಸಿಪಾಯಿಗಳು ಸಾಲಾಗಿ ಇಳೀತಾ ಜನರನ್ನ ಕೊಲ್ಲೋ ಸೀನು. 1905ರಲ್ಲಿ ಆ ಊರಲ್ಲಿ ಜನ ಸತ್ತಿದ್ದು ಹೌದು, ಮೆಟ್ಟಿಲ ಮೇಲೆ ಆ ಥರ ಆಗಿದ್ದು ಅಲ್ಲ, ಈಗ ಜನ ನಂಬಿರೋದು ಮಾತ್ರ ಸಿನಿಮಾನೇ. ನಿಮ್ಮ ತಾಲ್ಲೂಕಿನದೇ ವಿದುರಾಶ್ವತ್ಥ ಇದೆಯಲ್ಲ, 1938ರ ಏಪ್ರಿಲ್ 25, ಬಾವುಟ ಹಾರಿಸೋಕೆ ಸೇರಿದವರ ಮೇಲೆ ಗೋಲಿಬಾರ್. ನಾಳೆ ಯಾರೋ ದೊಡ್ಡ ಬಜೆಟ್ ತಂದು ಅಲ್ಲಿ ಇಲ್ಲದ ಸೀನ್ ಒಂದನ್ನ ಚೆನ್ನಾಗಿ ಶೂಟ್ ಮಾಡಿದ್ರೆ ನಿಮ್ಮ ಮೊಮ್ಮಕ್ಕಳು ಅದನ್ನೇ ಹಿಸ್ಟರಿ ಅಂತ ಓದ್ತಾರೆ. ಒಂದ್ಸಲ ಹೋಗಿ ಅಲ್ಲಿನ ಸ್ಮಾರಕ ನೋಡ್ಕೊಂಡು ಬನ್ನಿ, ಫ್ರೆಂಡ್ಸ್‌ನೂ ಕರ್ಕೊಂಡು ಹೋಗಿ.

ಪ್ರಶ್ನೆ: ಇಂಥ ಸಿನಿಮಾ ನಮ್ಮ ತುಮಕೂರಲ್ಲಿ ಎಲ್ಲಿ ಹಾಕ್ತಾರೆ? ಕೆಳಗಡೆ ಇಂಗ್ಲಿಷ್ ಓದೋಷ್ಟರಲ್ಲಿ ಸೀನೇ ಹೋಗಿರುತ್ತೆ.

ಉತ್ತರ: ಥಿಯೇಟರ್‌ನಲ್ಲಿ ಆಸೆ ಬಿಡಿ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಪಾಸ್ ಮಾಡಿಸಿ, ಬೆಳಿಗ್ಗೆ ಟ್ರೈನ್ ಹತ್ತಿದ್ರೆ ರಾತ್ರಿ ಮನೆ. ಓದೋಕಾಗಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ, ಹೆಗ್ಗೋಡಿನ ನೀನಾಸಂನೋರು ಹಳ್ಳಿ ಜನಕ್ಕೆ ಕನ್ನಡದಲ್ಲಿ ಕಥೆ ವಿವರಿಸಿ ಇಂಥ ಸಿನಿಮಾ ತೋರಿಸಿದವರು. ನೀವೂ ನಾಲ್ಕು ಜನ ಸೇರಿ, ಒಬ್ಬರು ಮೊದಲೇ ನೋಡ್ಕೊಂಡು ಬಂದು ಹೇಳ್ತಾ ಹೋಗಿ. ಮಧ್ಯೆ ಮಾತಾಡೋರು ಹೆಂಗೂ ಇದ್ದೇ ಇರ್ತಾರೆ.

ಪ್ರಶ್ನೆ: ಎಲ್ಲಾ ಸರಿ, ಸಿನಿಮಾ ನೋಡಿ ಯಾರ ಜೀವನ ಬದಲಾಯ್ತು ಹೇಳಿ? ನಾನು ದಿನಾ ಡೇರಿಗೆ ಹಾಲು ಹಾಕೋಳು, ನಂಗೆ ಅದರಿಂದ ಏನು? (ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಅಕ್ಕಾ, ಕೇಳಿದ್ದು ಸರಿಯಾಗೇ ಇದೆ. 1948ರ 'ಬೈಸಿಕಲ್ ಥೀವ್ಸ್'ನಲ್ಲಿ ಕೆಲಸಕ್ಕೆ ಅಲೆಯೋ ಅಪ್ಪನ ಪಾರ್ಟ್ ಮಾಡಿದ್ದು ಲಂಬೆರ್ಟೊ ಮಜ್ಜೊರಾನಿ ಅನ್ನೋ ಫ್ಯಾಕ್ಟರಿ ಕೆಲಸಗಾರ. ಸಿನಿಮಾಗೆ ಪ್ರಪಂಚವೆಲ್ಲ ಚಪ್ಪಾಳೆ ಹೊಡೀತು, ಆಮೇಲೆ ಆತನ ನಿಜವಾದ ಕೆಲಸಾನೇ ಹೋಯ್ತು. ಹಂಗಾಗಿ ಬದಲಾಗುತ್ತೆ ಅಂತ ನಾನು ಆಣೆ ಇಡಲ್ಲ.

ಆದ್ರೆ ಹಾಲಿನ ಮಾತು ಎತ್ತಿದ್ರಲ್ಲ, ಅದಕ್ಕೊಂದು ಹೇಳ್ತೀನಿ. 1976ರಲ್ಲಿ ಶ್ಯಾಮ್ ಬೆನಗಲ್ 'ಮಂಥನ್' ಮಾಡಿದಾಗ ದುಡ್ಡು ಹಾಕಿದ್ದು ಗುಜರಾತಿನ ಹಾಲು ಹಾಕೋ ರೈತರು, 5 ಲಕ್ಷ ಜನ, ತಲೆಗೆ 2 ರೂಪಾಯಿ. ತಮ್ಮ ಸಿನಿಮಾ ಅಂತ ಲಾರಿ ಹತ್ಕೊಂಡು ಬಂದು ನೋಡಿದ್ರು. ಹಾಲು ಕೊಂಡ್ಕೊಳ್ಳೋ ದಲ್ಲಾಳಿ, ಊರ ಗೌಡ, ಹರಿಜನ ಕೇರಿಯವರು ಒಂದೇ ಸಾಲಲ್ಲಿ ನಿಂತು ಹಾಲು ಅಳೆಸೋದಾ ಅನ್ನೋ ಜಗಳ, ಎಲ್ಲ ಇದೆ ಅದರಲ್ಲಿ. ಆಮೇಲೆ ಬೇರೆ ರಾಜ್ಯಗಳಲ್ಲಿ ಸೊಸೈಟಿ ಕಟ್ಟೋಕೆ ಹೊರಟವರು ಊರೂರಿಗೆ ಅದರ ರೀಲ್ ಹೊತ್ಕೊಂಡು ಹೋಗಿ ತೋರಿಸಿದ್ರು. ನಿಮ್ಮ ಡೇರೀಲಿ ಹಳೇ ಕಾಲದ ಸೆಕ್ರೆಟರಿ ಯಾರಾದ್ರೂ ಇದ್ರೆ ನಾಳೆ ಹಾಲು ಹಾಕೋವಾಗ ಕೇಳಿ, ನೋಡಿದ್ರೂ ನೋಡಿರ್ತಾರೆ, ಏನಂದ್ರು ಅಂತ ನಂಗೂ ಒಂದು ಕಾಗದ ಹಾಕಿ.