ಸಾಲು ತೂತುಗಳೇ ಎಕ್ಸ್‌ರೇ ಮಸೂರವಾದಾಗ

ಪ್ರಶ್ನೆ: ಅಲ್ಯೂಮಿನಿಯಂ ತುಂಡಿನಲ್ಲಿ ಸಾಲಾಗಿ ತೂತು ಕೊರೆದರೆ ಎಕ್ಸ್‌ರೇ ಮಸೂರವಾಗುತ್ತದಂತೆ. 1 ಮಿ.ಮೀ. ವ್ಯಾಸದ 50 ತೂತು ಕೊರೆದುಕೊಡಲು ವಸಂತನರಸಾಪುರದ ವರ್ಕ್‌ಶಾಪೊಂದು ಒಪ್ಪಿದೆ. 60 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ) ಕಿರಣಕ್ಕೆ ಇದು ಸಾಕೇ?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ತುಮಕೂರು

ಉತ್ತರ: ಮಸೂರವೇನೋ ಆಗುತ್ತದೆ, ಆದರೆ ನಿಮ್ಮ ಲ್ಯಾಬಿನೊಳಗೆ ಹಿಡಿಸುವುದಿಲ್ಲ. ಎಕ್ಸ್‌ರೇಗೆ ಲೋಹದ ವಕ್ರೀಭವನ ಸೂಚ್ಯಂಕ (ಕಿರಣ ಎಷ್ಟು ಬಾಗುತ್ತದೆಂಬ ಅಳತೆ) 1ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ ಗಾಜಿನ ಲೆಕ್ಕ ಇಲ್ಲಿ ತಿರುಗುಮುರುಗು: ನಡುವೆ ತೆಳ್ಳಗೆ, ಅಂಚಿಗೆ ದಪ್ಪಗಿದ್ದರೆ ಕಿರಣ ಕೂಡುತ್ತದೆ. ಅಕ್ಕಪಕ್ಕದ ತೂತುಗಳ ನಡುವೆ ಉಳಿಯುವ ಲೋಹಕ್ಕೆ ಆ ಆಕಾರ ತಾನಾಗಿಯೇ ಬರುತ್ತದೆ. ಸೂಚ್ಯಂಕ 1ಕ್ಕಿಂತ ಎಷ್ಟು ಕಡಿಮೆಯೋ ಅದು ‘ಡೆಲ್ಟಾ’. 60 ಕೆಇವಿಯಲ್ಲಿ ಅಲ್ಯೂಮಿನಿಯಂಗೆ ಸುಮಾರು 0.00000015. ತೂತುಗಳ ಸಂಖ್ಯೆಯ ಎರಡರಷ್ಟನ್ನು ಡೆಲ್ಟಾದಿಂದ ಗುಣಿಸಿ, ಬಂದದ್ದರಿಂದ ತೂತಿನ ತ್ರಿಜ್ಯವನ್ನು ಭಾಗಿಸಿದರೆ ಸಿಗುವುದು ಸಂಗಮ ದೂರ, ಅಂದರೆ ಮಸೂರದಿಂದ ಕಿರಣ ಕೂಡುವ ಜಾಗಕ್ಕಿರುವ ದೂರ. ನಿಮ್ಮ ತುಂಡಿಗೆ ಅದು ಸುಮಾರು 33 ಮೀಟರ್!

1996ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಸಿಂಕ್ರೊಟ್ರಾನಿನಲ್ಲಿ (ಎಲೆಕ್ಟ್ರಾನುಗಳನ್ನು ವೇಗವಾಗಿ ಸುತ್ತಿಸಿ ಪ್ರಖರ ಎಕ್ಸ್‌ರೇ ಹುಟ್ಟಿಸುವ ಯಂತ್ರ) ವಿಜ್ಞಾನಿ ಸ್ನಿಗಿರೆವ್ ತಂಡ 0.6 ಮಿ.ಮೀ.ನ 30 ತೂತುಗಳಿಂದಲೇ ಕಿರಣದ ಅಗಲವನ್ನು 8 ಮೈಕ್ರಾನಿಗೆ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಇಳಿಸಿತ್ತು. ಅದು 14 ಕೆಇವಿ. ಶಕ್ತಿ ಎರಡರಷ್ಟಾದರೆ ಸಂಗಮ ದೂರ ನಾಲ್ಕರಷ್ಟಾಗುತ್ತದೆ.

ಹಾಗೆಂದು 33 ಮೀಟರ್ ವ್ಯರ್ಥವಲ್ಲ. ದೊಡ್ಡ ಸಿಂಕ್ರೊಟ್ರಾನುಗಳಲ್ಲಿ ಕಿರಣ ಹುಟ್ಟುವ ಮೂಲದಿಂದ ಮಸೂರಕ್ಕೆ ಇರುವ ದೂರವೇ ಹೆಚ್ಚುಕಡಿಮೆ ಅಷ್ಟು. ಆ ಮೂಲ ಸಂಗಮ ದೂರದಲ್ಲಿದ್ದರೆ ಮಸೂರದಿಂದ ಹೊರಬೀಳುವ ಕಿರಣ ಸಮಾಂತರ. ಬೇಕಾದ ಶಕ್ತಿಯ ಕಿರಣವನ್ನು ಆರಿಸಿಕೊಡುವ ಸಿಲಿಕಾನ್ ಹರಳು 60 ಕೆಇವಿಯಲ್ಲಿ ಕೆಲವೇ ಮೈಕ್ರೊರೇಡಿಯನ್‌ನ ಅತಿ ಕಿರಿದಾದ ಕೋನದೊಳಗಿನ ಕಿರಣವನ್ನಷ್ಟೇ ಪ್ರತಿಫಲಿಸುವುದರಿಂದ, ಹರಡಿದ ಕಿರಣವನ್ನು ಹೀಗೆ ನೇರ ಮಾಡಿಕೊಟ್ಟರೆ ಪೋಲಾಗುವುದು ತಗ್ಗುತ್ತದೆ. ನನಗೆ ಈ ಮಸೂರದ ನಿಜವಾದ ಸೊಗಸು ಕಾಣುವುದು ಇಲ್ಲೇ.

ಕೊರೆಸುವುದಾದರೆ 5 ಮಿ.ಮೀ. ದಪ್ಪದ ತುಂಡು ಸಾಕು. ತೂತಿನ ಕೇಂದ್ರಗಳ ಅಂತರ 1.1 ಮಿ.ಮೀ. ಇರಲಿ, 0.1 ಮಿ.ಮೀ. ಗೋಡೆ ಉಳಿಯುತ್ತದೆ. ಕಿರಣದ ದಾರಿಯಲ್ಲಿ ಐವತ್ತು ಗೋಡೆ ಸೇರಿ 5 ಮಿ.ಮೀ. ಲೋಹ: 60 ಕೆಇವಿ ಕಿರಣ ನಡುವಿನಲ್ಲಿ ಶೇ. 70ರಷ್ಟು ದಾಟುತ್ತದೆ, 15 ಕೆಇವಿ ಬಹುತೇಕ ಅಲ್ಲೇ ಸಾಯುತ್ತದೆ. ಮೊದಲು ಸೆಂಟರ್ ಡ್ರಿಲ್, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಚೂರು ತೆಗೆಯುತ್ತಾ ಕೊರೆಯಬೇಕು. ಅವಸರ ಮಾಡಿದರೆ ಡ್ರಿಲ್ ಓರೆಯಾಗಿ ಪಕ್ಕದ ಗೋಡೆ ಹರಿಯುತ್ತದೆ. ಕಾಲೇಜಿನ ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ತುಂಡಿನ ಎರಡೂ ಮುಖಗಳಲ್ಲಿ ತೂತುಗಳ ಅಂತರ ಅಳೆಯಿರಿ. ವ್ಯತ್ಯಾಸ ಕಂಡರೆ ತೂತು ಓರೆ. ದುಂಡು ತೂತಿನ ಅಂಚು ಕಿರಣವನ್ನು ಅತಿಯಾಗಿ ಬಾಗಿಸುತ್ತದೆ, ಹಾಗಾಗಿ ನಡುಭಾಗವಷ್ಟೇ ಪ್ರಯೋಜನಕ್ಕೆ. ಆ ದೋಷಕ್ಕೆ ಮದ್ದು ಪ್ಯಾರಾಬೋಲಾ ಆಕಾರ. ಅಲ್ಲದೆ ಒಂದೇ ಸಾಲು ಕಿರಣವನ್ನು ಗೆರೆಯಾಗಿಸುತ್ತದೆ. ಚುಕ್ಕೆ ಬೇಕಿದ್ದರೆ ಅಡ್ಡಲಾಗಿ ಇನ್ನೊಂದು ಸಾಲು ಬೇಕು.

ಪ್ರಶ್ನೆ: ಆಸ್ಪತ್ರೆಯ ಎಕ್ಸ್‌ರೇ ಯಂತ್ರದ ಮುಂದೆ ಇಂಥ ಮಸೂರ ಇಟ್ಟರೆ?
– ಓದುಗರು, ಚಿಂತಾಮಣಿ

ಉತ್ತರ: ಬೇಡವೇ ಬೇಡ. ಅದರ ಕಿರಣ ಹುಟ್ಟುವ ಚುಕ್ಕೆಯೇ ಸುಮಾರು 1 ಮಿ.ಮೀ., ತೂತಿನಷ್ಟೇ ಅಗಲ. ಮೇಲಾಗಿ ಎಲ್ಲ ಶಕ್ತಿಗಳೂ ಬೆರೆತಿರುತ್ತವೆ. ಒಂದೊಂದು ಒಂದೊಂದು ದೂರದಲ್ಲಿ ಕೂಡುವುದರಿಂದ ಮಸುಕಷ್ಟೇ ಸಿಗುತ್ತದೆ. ಅದಕ್ಕಾಗಿ ಮೈಗೆ ವಿಕಿರಣ ತಾಕಿಸಿಕೊಳ್ಳುವುದು ಸಲ್ಲ. ಇಂಥ ಯಂತ್ರ ಬಳಸಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಅದೂ ರೋಗಿಗಳ ತಪಾಸಣೆಗೆ ಮಾತ್ರ ಕೊಟ್ಟಿರುವುದು.