ಕಾಯಿಲೆ ರಜೆಯಲ್ಲಿ ಹೆಚ್ಚು ಬಂದ ಸಂಬಳ: ಹೇಳಲೇ, ಸುಮ್ಮನಿರಲೇ?

ಪ್ರಶ್ನೆ: ಶಸ್ತ್ರಚಿಕಿತ್ಸೆಯಾಗಿ ಎರಡೂವರೆ ತಿಂಗಳು ಕಾಯಿಲೆ ರಜೆಯಲ್ಲಿದ್ದೆ. ನಮ್ಮ ಸಂಸ್ಥೆಯ ನಿಯಮದಂತೆ ಮೊದಲ ಒಂದು ತಿಂಗಳು ಪೂರ್ತಿ ಸಂಬಳ, ಆಮೇಲೆ ಅರ್ಧ. ಆದರೆ ರಜೆಯುದ್ದಕ್ಕೂ ಪೂರ್ತಿ ಸಂಬಳವೇ ಖಾತೆಗೆ ಬಂದಿದೆ. ಮಲಗಿದ್ದಾಗ ಗಮನಿಸಲಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಸಂಬಳದ ಚೀಟಿ ನೋಡಿದಾಗ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಹಣ ಔಷಧಿಗೆ, ಮನೆ ಸಾಲದ ಕಂತಿಗೆ ಕರಗಿಹೋಗಿತ್ತು. “ತಪ್ಪು ಅವರದು, ಕೇಳಿದಾಗ ನೋಡೋಣ, ನೀನಾಗಿ ಬಾಯಿ ಬಿಡಬೇಡ” ಎನ್ನುತ್ತಾರೆ ಪತಿ. ಸಾಲ ಮಾಡಿಯಾದರೂ ಒಂದೇ ಸಲಕ್ಕೆ ಕೊಟ್ಟುಬಿಡಬೇಕು ಎನ್ನಿಸುತ್ತದೆ ನನಗೆ. ಸಂಬಳದ ಲೆಕ್ಕ ನೋಡುವ ಹಿರಿಯರು ನಾನು ಆಸ್ಪತ್ರೆಯಲ್ಲಿದ್ದಾಗ ಬಂದು ವಿಚಾರಿಸಿಕೊಂಡು ಹೋದವರು. ನಾನು ಹೇಳಿದರೆ ಅವರ ತಲೆಗೆ ಬರುತ್ತದೆ. ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತಿಯ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಅರ್ಧ ಸರಿ. ತಪ್ಪು ಅವರದೇ. ಆದರೆ ತಪ್ಪು ಯಾರದು ಎಂಬುದು ಒಂದು ಪ್ರಶ್ನೆ, ಹಣ ಯಾರದು ಎಂಬುದು ಇನ್ನೊಂದು. ಸಲ್ಲಬೇಕಿಲ್ಲದ ಹಣ ತಪ್ಪಿನಿಂದ ಸಂದರೆ ಕೊಟ್ಟವನು ಅದನ್ನು ಮರಳಿ ಕೇಳಬಹುದು ಎಂಬ ನಿಯಮ ರೋಮನ್ನರ ಕಾಲದಿಂದಲೂ ಇದೆ. ಅದರ ಜೊತೆಗೇ ಇನ್ನೊಂದು ವಿಚಾರವೂ ಬೆಳೆದಿದೆ: ಪಡೆದವರಿಗೆ ಆ ತಪ್ಪು ಗೊತ್ತಿತ್ತೇ? ನಂಬಿ ಖರ್ಚು ಮಾಡಿದವರನ್ನೂ ಗೊತ್ತಿದ್ದೂ ಇಟ್ಟುಕೊಂಡವರನ್ನೂ ಎಷ್ಟೋ ದೇಶಗಳ ನ್ಯಾಯಾಲಯಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಾಸಿಗೆಯಲ್ಲಿದ್ದಾಗ ನೀವು ಮೊದಲನೆಯ ಗುಂಪಿನಲ್ಲಿದ್ದಿರಿ. ಸಂಬಳದ ಚೀಟಿ ನೋಡಿದ ದಿನದಿಂದ ಆ ನೆಲೆ ನಿಮ್ಮ ಕಾಲಡಿಯಿಂದ ಜಾರುತ್ತಿದೆ. ಸುಮ್ಮನಿದ್ದಷ್ಟೂ ಜಾರುತ್ತದೆ.

ಇನ್ನೊಂದು ಲೆಕ್ಕಾಚಾರವನ್ನೂ ನಿಮ್ಮ ಪತಿಯ ಮುಂದಿಡಿ. ಇಂಥ ವ್ಯತ್ಯಾಸ ಹೊರಬೀಳುವುದು ಸಾಮಾನ್ಯವಾಗಿ ವರ್ಷಾಂತ್ಯದ ಲೆಕ್ಕ ಪರಿಶೋಧನೆಯಲ್ಲಿ, ಇಲ್ಲವೇ ನೀವು ಕೆಲಸ ಬಿಡುವಾಗ. ಕೊನೆಯ ಲೆಕ್ಕ ಚುಕ್ತಾ ಮಾಡುವ ದಿನ ಕಂತು ಕೇಳಲು ಮುಂದೆ ತಿಂಗಳುಗಳೇ ಇರುವುದಿಲ್ಲ.

ಆದ್ದರಿಂದ ಹೇಳಿ. ನನಗೆ ಅದರಲ್ಲಿ ಅನುಮಾನವಿಲ್ಲ. ನನ್ನ ಚಿಂತೆ ಇರುವುದು ನೀವು ಹೇಳಲು ಹೊರಟಿರುವ ರೀತಿಯ ಬಗ್ಗೆ. ಸಾಲ ಮಾಡಿ ಒಂದೇ ಸಲಕ್ಕೆ ತೀರಿಸುವ ಅವಸರ ಎಲ್ಲಿಂದ ಬಂತು? ಎರಡೂವರೆ ತಿಂಗಳು ಕುರ್ಚಿ ಖಾಲಿ ಬಿಟ್ಟಿದ್ದಕ್ಕೆ ದಂಡ ಕಟ್ಟುತ್ತಿರುವಂತೆ ನನಗೆ ಕಾಣುತ್ತದೆ. ಕಾಯಿಲೆ ಬಿದ್ದವರಲ್ಲಿ, ಅದರಲ್ಲೂ ಅಚ್ಚುಕಟ್ಟಾಗಿ ದುಡಿಯುವವರಲ್ಲಿ, ಈ ಅಳುಕು ಬಹಳ. ರಜೆ ನಿಮ್ಮ ಹಕ್ಕಾಗಿತ್ತು, ಅದನ್ನು ತೆಗೆದುಕೊಂಡಿರಿ. ಈಗ ಉಳಿದಿರುವುದು ಒಂದು ಬಾಕಿ, ಅದೂ ಬಡ್ಡಿಯಿಲ್ಲದ ಬಾಕಿ. ಅದನ್ನು ಬಡ್ಡಿ ಸಾಲವಾಗಿ ಮಾಡಿಕೊಳ್ಳುವುದು ಪ್ರಾಮಾಣಿಕತೆಯಲ್ಲ, ಬರೀ ಗಾಬರಿ.

ಆ ಹಿರಿಯರ ವಿಷಯ. ಅನೇಕ ಕಡೆ ತಿಂಗಳು ಮುಗಿಯುವ ಮೊದಲೇ ಹಾಜರಾತಿಯ ಲೆಕ್ಕ ಮುಚ್ಚಿ ಸಂಬಳ ತಯಾರಿಸುತ್ತಾರೆ. ವೈದ್ಯರ ಪ್ರಮಾಣಪತ್ರ ಆಮೇಲೆ ಬರುತ್ತದೆ. ಪೂರ್ತಿಯಿಂದ ಅರ್ಧಕ್ಕೆ ಇಳಿಸುವ ಬದಲಾವಣೆಯನ್ನು ಯಾರೋ ಒಬ್ಬರು ನೆನಪಿಟ್ಟು ದಾಖಲಿಸಬೇಕು. ಅದು ಬಿಟ್ಟುಹೋದರೆ ಹಿಂದಿನ ತಿಂಗಳದ್ದೇ ಮುಂದುವರಿಯುತ್ತದೆ. ಈಗಲೇ ಸಿಕ್ಕರೆ ಅದು ಒಂದು ತಿದ್ದುಪಡಿ. ಪರಿಶೋಧಕರ ಕೈಗೆ ಸಿಕ್ಕರೆ ಆ ಹಿರಿಯರಿಂದ ವಿವರಣೆ ಕೇಳುತ್ತಾರೆ. ಆ ಹಿರಿಯರನ್ನು ಕಾಪಾಡುವ ಮನಸ್ಸಿದ್ದರೆ ನಿಮ್ಮ ಮೌನದಿಂದ ಅದು ಆಗದು. ಪತ್ರ ಕೊಡುವ ಮುನ್ನ ಅವರ ಮೇಜಿನ ಬಳಿ ಹೋಗಿ ಬಾಯಿಮಾತಿನಲ್ಲಿ ತಿಳಿಸಿ, ಅವರಿಗೆ ಅದು ಬೇರೆಯವರಿಂದ ಗೊತ್ತಾಗುವುದು ಬೇಡ. “ಇರಲಿ ಬಿಡಮ್ಮ, ಮುಂದಿನ ತಿಂಗಳು ನಾನೇ ಸರಿದೂಗಿಸುತ್ತೇನೆ” ಎಂದರೆ ಮಾತ್ರ ನಯವಾಗಿ ಬೇಡವೆನ್ನಿ. ಕಾಗದವಿಲ್ಲದೆ ಸರಿದೂಗಿಸಿದ ಲೆಕ್ಕ ಮುಂದೊಂದು ದಿನ ಇಬ್ಬರನ್ನೂ ಸಿಕ್ಕಿಸುತ್ತದೆ.

ಪತ್ರ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು: “ಈ ದಿನಾಂಕದಿಂದ ಈ ದಿನಾಂಕದವರೆಗೆ ಕಾಯಿಲೆ ರಜೆಯಲ್ಲಿದ್ದೆ. ನಿಯಮದಂತೆ ಮೊದಲ ತಿಂಗಳ ನಂತರ ಅರ್ಧ ಸಂಬಳ ಸಲ್ಲಬೇಕಿತ್ತು, ಪೂರ್ತಿ ಸಂದಿರುವಂತೆ ಕಾಣುತ್ತದೆ. ದಯವಿಟ್ಟು ಪರಿಶೀಲಿಸಿ, ಹೆಚ್ಚುವರಿ ಎಷ್ಟೆಂಬುದರ ಲೆಕ್ಕವನ್ನು ಲಿಖಿತವಾಗಿ ಕೊಡಿ. ಹಣ ಚಿಕಿತ್ಸೆಗೆ ಮತ್ತು ಮನೆಖರ್ಚಿಗೆ ಬಳಕೆಯಾಗಿರುವುದರಿಂದ ಕಂತುಗಳಲ್ಲಿ ಹಿಂದಿರುಗಿಸಲು ಅವಕಾಶ ಕೋರುತ್ತೇನೆ.” ಕ್ಷಮೆ ಕೇಳಬೇಡಿ. ಮೊತ್ತವನ್ನೂ ನೀವಾಗಿ ಬರೆಯಬೇಡಿ, ಏಕೆಂದರೆ ಅದು ತೋರುವಷ್ಟು ಸರಳವಲ್ಲ.

ಬಾಯಿಲೆಕ್ಕದಲ್ಲಿ, ಒಂದೂವರೆ ತಿಂಗಳಿನ ಅರ್ಧವೆಂದರೆ ಮುಕ್ಕಾಲು ತಿಂಗಳ ಸಂಬಳ. ಆದರೆ ಯಾವ ಸಂಬಳ? ಒಟ್ಟು ಸಂಬಳ 100 ಇದ್ದು ತೆರಿಗೆ, ಭವಿಷ್ಯ ನಿಧಿ ಎಂದು 30 ಕಡಿತವಾಗಿದ್ದರೆ ನಿಮ್ಮ ಕೈಗೆ ಬಂದದ್ದು 70. ನಿಮ್ಮಿಂದ 100 ವಸೂಲು ಮಾಡಿ ಕಡಿತಗಳನ್ನು ಹಾಗೆಯೇ ಬಿಟ್ಟರೆ ಕಾಣದ 30ನ್ನೂ ನೀವೇ ತುಂಬಿದಂತೆ. ಅದೇ ತೆರಿಗೆ ವರ್ಷದೊಳಗೆ ಸರಿಪಡಿಸುವುದು ಸುಲಭ, ವರ್ಷ ದಾಟಿದರೆ ತೊಡಕು. ಬೇಗ ಹೇಳಿ ಎನ್ನಲು ಇದೂ ಒಂದು ಕಾರಣ.

ಇನ್ನು ದಿನಗೂಲಿ ತೆಗೆಯುವ ಬಗೆ. ತಿಂಗಳ ಸಂಬಳ 30,000 ಎಂದಿಟ್ಟುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 1,000, 26ರಿಂದ ಭಾಗಿಸಿದರೆ ಸುಮಾರು 1,154, 22ರಿಂದಾದರೆ ಸುಮಾರು 1,364. 30ರಿಂದ ಭಾಗಿಸುವವರು ರಜೆಯ ನಡುವಿನ ವಾರದ ರಜೆಗಳನ್ನೂ ಎಣಿಸುತ್ತಾರೆ, 22ರಿಂದ ಭಾಗಿಸುವವರು ಕೆಲಸದ ದಿನಗಳನ್ನಷ್ಟೇ ಎಣಿಸಬೇಕು. 22ರಿಂದ ಭಾಗಿಸಿ, ದಿನ ಎಣಿಸುವಾಗ ವಾರದ ರಜೆಗಳನ್ನೂ ಸೇರಿಸಿದರೆ ನಿಮ್ಮ ಬಾಕಿ ಉಬ್ಬುತ್ತದೆ. ದುರುದ್ದೇಶ ಬೇಕಿಲ್ಲ, ಆತುರ ಸಾಕು. ಒಂದು ಸಲ ತಪ್ಪಿದ ಲೆಕ್ಕ ಎರಡನೆಯ ಸಲ ಸರಿಯಾಗಿಯೇ ಇರುತ್ತದೆ ಎಂದು ನಂಬುವಷ್ಟು ದೊಡ್ಡ ಮನಸ್ಸು ನನಗಂತೂ ಇಲ್ಲ. ಬಳಸದೆ ಉಳಿದ ಗಳಿಕೆ ರಜೆ ಇದ್ದರೆ ಅರ್ಧ ಸಂಬಳದ ದಿನಗಳಿಗೆ ಹೊಂದಿಸಬಹುದೇ ಎಂದೂ ವಿಚಾರಿಸಿ. ಎಲ್ಲ ಕಡೆ ಒಪ್ಪುವುದಿಲ್ಲ, ಕೇಳಿದರೆ ನಷ್ಟವೇನಿಲ್ಲ.

“ಮುಂದಿನ ಸಂಬಳದಲ್ಲೇ ಪೂರ್ತಿ ಹಿಡಿಯುತ್ತೇವೆ” ಎಂದರೆ ಹೆದರಬೇಡಿ. ಸಂಬಳದಿಂದ ಕಡಿತ ಮಾಡುವುದು ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವೇತನ ರಕ್ಷಣೆಯ ಒಡಂಬಡಿಕೆ, ಅಂದರೆ 1949ರ 95ನೆಯದು, ಆಯಾ ದೇಶದ ಕಾನೂನು, ಸಾಮೂಹಿಕ ಒಪ್ಪಂದ ಅಥವಾ ಮಧ್ಯಸ್ಥಿಕೆಯ ತೀರ್ಪು ಹೇಳಿದ ಮಿತಿಯೊಳಗೆ ಮಾತ್ರ ಕಡಿತಕ್ಕೆ ಅವಕಾಶ ಕೊಡುತ್ತದೆ, ಆ ಷರತ್ತುಗಳನ್ನು ನೌಕರರಿಗೆ ತಿಳಿಸಬೇಕೆಂದೂ ಹೇಳುತ್ತದೆ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆಂದು ಕಾರ್ಮಿಕ ಇಲಾಖೆಯಲ್ಲೋ ನೌಕರರ ಸಂಘದಲ್ಲೋ ಕೇಳಿ, ನಿಮ್ಮ ನೇಮಕಾತಿ ಪತ್ರದಲ್ಲಿ ವಸೂಲಿಯ ಷರತ್ತು ಇದೆಯೇ ಎಂದು ಓದಿ. ಜಗಳಕ್ಕೆ ಹೋಗಬೇಕೆಂದಲ್ಲ. ಚೌಕಾಸಿಗೆ ಕೂರುವ ಮುನ್ನ ಬೆನ್ನ ಹಿಂದೆ ಗೋಡೆ ಇದೆಯೆಂದು ತಿಳಿದಿರಲಿ.

ಮುಕ್ಕಾಲು ತಿಂಗಳ ಸಂಬಳವನ್ನು ಹತ್ತು ಕಂತು ಮಾಡಿದರೆ ತಿಂಗಳಿಗೆ ಶೇ 7.5, ಆರು ಮಾಡಿದರೆ ಶೇ 12.5. ಹತ್ತು ಕೇಳಿ, ಎಂಟಕ್ಕೆ ಒಪ್ಪಿ. ಒಪ್ಪಂದ ಬರವಣಿಗೆಯಲ್ಲಿರಲಿ, ಪ್ರತಿ ತಿಂಗಳ ಚೀಟಿಯಲ್ಲಿ ಕಂತನ್ನು ಬೇರೆ ಸಾಲಿನಲ್ಲಿ ತೋರಿಸಲಿ, ಕೊನೆಯ ಕಂತಿನ ಮೇಲೆ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ.

ಮನೆಯಲ್ಲಿ ಎಷ್ಟು ಹೊಂದಿಸಬಹುದೆಂಬ ಲೆಕ್ಕವನ್ನು ನಿಮ್ಮ ಪತಿಯ ಕೈಗೇ ಕೊಡಿ. ಹೇಳುವುದು ಬೇಡ ಎಂದವರು ಎಷ್ಟು ಕೊಡಬಹುದು ಎಂದು ಪೆನ್ನು ಹಿಡಿದು ಕೂತರೆ ವಾದದ ಬಿಸಿ ತಾನಾಗಿ ಇಳಿಯುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಮುಂದಿನ ತಪಾಸಣೆಯ ಖರ್ಚು ಮೊದಲ ಸಾಲಿನಲ್ಲಿರಲಿ. ಕಂತಿನ ನೆಪದಲ್ಲಿ ವೈದ್ಯರ ಭೇಟಿ ಮುಂದೂಡಬೇಡಿ.